ಮೂರೂ ಹತ್ತರ ವಿಮಾನ, ಎರಡೂ ಹತ್ತರ ಗಡುವು

ಬೆಂಗಳೂರಿನಿಂದ ಹೊರದೇಶಕ್ಕೆ ಹೋಗುವ ದೂರದ ವಿಮಾನಗಳಲ್ಲಿ ಬಹಳಷ್ಟು ಹೊರಡುವುದು ನಡುರಾತ್ರಿ ಕಳೆದ ಮೇಲೆ, ಬೆಳಗಿನ ಜಾವ ಐದರೊಳಗೆ. ದುಬೈ, ದೋಹಾ, ಅಬುಧಾಬಿ, ಫ್ರಾಂಕ್‌ಫರ್ಟ್‌ನಂಥ ಕಡೆ ಬೆಳಿಗ್ಗೆ ಇಳಿದರೆ ಯುರೋಪು, ಅಮೆರಿಕಕ್ಕೆ ಮುಂದಿನ ವಿಮಾನ ಸಿಗುತ್ತದೆ, ಅದಕ್ಕೇ ಈ ಹೊತ್ತು. ಹೀಗಾಗಿ ದೇವನಹಳ್ಳಿಯ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ವಿದೇಶ ಪ್ರಯಾಣಿಕರೆಲ್ಲ ಹೆಚ್ಚುಕಡಿಮೆ ಒಂದೇ ನಾಲ್ಕು ಗಂಟೆಯ ಅವಧಿಯಲ್ಲಿ ಬಂದು ಸೇರುತ್ತಾರೆ. ಮಧ್ಯಾಹ್ನದ ವಿಮಾನಕ್ಕೆ ಹೋಗಿ ಬಂದವರು "ಒಂದೂವರೆ ಗಂಟೆ ಸಾಕು, ಏನೂ ಜನ ಇರಲ್ಲ" ಎಂದರೆ ಅವರು ಹೇಳುತ್ತಿರುವುದು ನಿಜವೇ. ಆದರೆ ಅದು ರಾತ್ರಿ ಹನ್ನೆರಡರ ನಿಲ್ದಾಣದ ಮಾತಲ್ಲ.

ಮೊದಲ ತಪ್ಪು ಆಗುವುದು ನಿಲ್ದಾಣದಲ್ಲಿ ಅಲ್ಲ, ಮನೆಯ ಕ್ಯಾಲೆಂಡರಿನಲ್ಲಿ. ಟಿಕೆಟ್‌ನಲ್ಲಿ 15ನೇ ತಾರೀಕು, 03:10 ಎಂದಿದ್ದರೆ ಮನೆ ಬಿಡಬೇಕಾದ್ದು 14ರ ರಾತ್ರಿ. ನಮ್ಮ ಪಂಚಾಂಗದಲ್ಲಿ ದಿನ ಶುರುವಾಗುವುದು ಸೂರ್ಯೋದಯಕ್ಕೆ. ಮಾತಿನಲ್ಲೂ ಹಾಗೆಯೇ, ಸೋಮವಾರ ಬೆಳಗಿನ ಜಾವದ ಮೂರನ್ನು ನಾವು "ಭಾನುವಾರ ರಾತ್ರಿ ಮೂರು ಗಂಟೆ" ಎನ್ನುತ್ತೇವೆ. ವಿಮಾನ ಸಂಸ್ಥೆಗೆ ದಿನ ಬದಲಾಗುವುದು 00:00ಕ್ಕೆ. 15ರ ರಾತ್ರಿ ಪೆಟ್ಟಿಗೆ ಹೊತ್ತು ಬಂದು, ವಿಮಾನ ನಿನ್ನೆಯೇ ಹೋಯಿತೆಂದು ತಿಳಿದು ನಿಲ್ಲುವವರು ಓದು ಬರಹ ಬಲ್ಲವರೇ. ಟಿಕೆಟ್ ಕೈಗೆ ಬಂದ ದಿನವೇ ಗೋಡೆಯ ಕ್ಯಾಲೆಂಡರಿನಲ್ಲಿ 14ನೇ ಚೌಕದೊಳಗೆ "ರಾತ್ರಿ 9:30ಕ್ಕೆ ಹೊರಡುವುದು" ಎಂದು ಬರೆದುಬಿಡಿ. ವಿಮಾನದ ಹೊತ್ತನ್ನು ಬರೆಯಬೇಡಿ, ಮನೆ ಬಿಡುವ ಹೊತ್ತನ್ನು ಬರೆಯಿರಿ.

ಆ 9:30 ಎಲ್ಲಿಂದ ಬಂತು? ಲೆಕ್ಕವನ್ನು ಕೊನೆಯಿಂದ ಹಿಂದಕ್ಕೆ ಹಾಕಬೇಕು. ವಿಮಾನ 3:10ಕ್ಕೆ ಹೊರಡುವುದಾದರೆ ವಿಮಾನ ಹತ್ತುವ ಗೇಟ್ ಮುಚ್ಚುವುದು ಸಾಮಾನ್ಯವಾಗಿ 20 ನಿಮಿಷ ಮುಂಚೆ, ಅಂದರೆ 2:50ಕ್ಕೆ. ಚೆಕ್‌ಇನ್ ಕೌಂಟರ್ ಮುಚ್ಚುವುದು ಹೆಚ್ಚಿನ ಸಂಸ್ಥೆಗಳಲ್ಲಿ ಒಂದು ಗಂಟೆ ಮುಂಚೆ, 2:10ಕ್ಕೆ. ನಿಮ್ಮ ನಿಜವಾದ ಗಡುವು ಈ 2:10. ಅದಾದ ಮೇಲೆ ವಿಮಾನ ಕಣ್ಣೆದುರೇ ನಿಂತಿದ್ದರೂ ಪೆಟ್ಟಿಗೆ ತೆಗೆದುಕೊಳ್ಳುವುದಿಲ್ಲ. ಪ್ರಯಾಣಿಕರ ಪಟ್ಟಿ, ತೂಕದ ಲೆಕ್ಕ ಆ ಹೊತ್ತಿಗೆ ಮುಗಿಸಬೇಕಾಗಿರುತ್ತದೆ, ಕೌಂಟರಿನವರ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಇನ್ನು ಒಳಗಿನ ಹಂತಗಳು. ರಾತ್ರಿಯ ದಟ್ಟಣೆಗೆ ನಾವು ಇಟ್ಟುಕೊಳ್ಳುವ ಅಂದಾಜು ಇದು: ಚೆಕ್‌ಇನ್‌ಗೆ ಒಂದು ಗಂಟೆ, ಇಮಿಗ್ರೇಷನ್‌ಗೆ 40 ನಿಮಿಷ, ಸೆಕ್ಯೂರಿಟಿಗೆ 30, ಗೇಟ್ ತನಕ ನಡೆಯಲು 15. ಟರ್ಮಿನಲ್ ಬಾಗಿಲಿಗೆ 11:40ಕ್ಕೆ ಬಂದರೆ ಗೇಟ್ ಮುಟ್ಟುವುದು 2:05ಕ್ಕೆ, ಬೋರ್ಡಿಂಗ್ ಶುರುವಾಗುವ ಹೊತ್ತಿಗೆ. ಗೇಟ್ ಮುಚ್ಚಲು ಇನ್ನು 45 ನಿಮಿಷ ಕೈಯಲ್ಲಿ ಇರುತ್ತದೆ. ದಾರಿಯಲ್ಲಿ ಒಂದು ತೊಡಕು ಬಂದರೆ ಆ 45 ನಿಮಿಷ ಅದನ್ನು ನುಂಗಿಕೊಳ್ಳುತ್ತದೆ. ಎರಡು ಬಂದರೆ ನುಂಗುವುದಿಲ್ಲ. ಮೂರು ಗಂಟೆ ಮುಂಚೆ ಬನ್ನಿ ಎಂದು ಸಂಸ್ಥೆಗಳು ಹೇಳಿದರೂ ನಾವು ಮೂರೂವರೆ ಎನ್ನುವುದು ಇದಕ್ಕೇ. ಹಾಗೆಂದು ಐದಾರು ಗಂಟೆ ಮುಂಚೆ ಬಂದು ಲಾಭವಿಲ್ಲ. ಕೌಂಟರ್ ತೆರೆಯುವುದೇ ಮೂರು ನಾಲ್ಕು ಗಂಟೆ ಮುಂಚೆ.

ಈಗ ರಸ್ತೆ. ಮೆಜೆಸ್ಟಿಕ್‌ನಿಂದ ನಿಲ್ದಾಣ ಸುಮಾರು 35 ಕಿಲೋಮೀಟರ್. ಜಯನಗರ, ಬನಶಂಕರಿಯವರಿಗೆ ಇನ್ನೂ ಹೆಚ್ಚು. ರಾತ್ರಿ ಹತ್ತರ ಮೇಲೆ ಜಯನಗರದಿಂದ ಒಂದೂಕಾಲು ಗಂಟೆ ಸಾಕು ಎನಿಸುತ್ತದೆ, ಸಾಕಾಗುವುದೂ ಉಂಟು. ಆದರೆ ಹೆಚ್ಚಿನ ದಾರಿಗಳು ಹೆಬ್ಬಾಳಕ್ಕೆ ಬಂದು ಸೇರುತ್ತವೆ. ಹೊರವರ್ತುಲ ರಸ್ತೆಯ ವಾಹನ, ಮೇಖ್ರಿ ವೃತ್ತದ ಕಡೆಯಿಂದ ಬಂದ ವಾಹನ ಎಲ್ಲ ಅಲ್ಲಿ ಒಂದಾಗಿ ಬಳ್ಳಾರಿ ರಸ್ತೆ ಹಿಡಿಯಬೇಕು. ಒಂದು ಲಾರಿ ಕೆಟ್ಟು ನಿಂತರೆ, ಒಂದು ಜೋರು ಮಳೆ ಬಂದರೆ ಅರ್ಧ ಗಂಟೆ ಹೋಯಿತು. ಹೆಬ್ಬಾಳ ದಾಟಿದ ಮೇಲೆ ಯಲಹಂಕದ ಕಡೆಗಿನ ಮೇಲ್ಸೇತುವೆ, ಸಾದಹಳ್ಳಿ ಟೋಲ್, ಆಮೇಲೆ ನಿಲ್ದಾಣದ ತಿರುವು, ಅಲ್ಲೆಲ್ಲ ಸಲೀಸು. ಆದ್ದರಿಂದ ರಸ್ತೆಗೆ ಇಡುವ ಹೆಚ್ಚುವರಿ ಮುಕ್ಕಾಲು ಗಂಟೆ ವಾಸ್ತವದಲ್ಲಿ ಹೆಬ್ಬಾಳಕ್ಕೆ ಇಡುವುದು. ಎರಡೂ ಸೇರಿ ಎರಡು ಗಂಟೆ, 11:40ಕ್ಕೆ ಬಾಗಿಲಲ್ಲಿರಲು ಇನ್ನು ಹತ್ತು ನಿಮಿಷ ಕೈಯಲ್ಲಿಟ್ಟುಕೊಂಡರೆ ಅದೇ 9:30. ನಗರದ ಪೂರ್ವ ಭಾಗದವರಿಗೆ ಹೆಣ್ಣೂರು, ಬಾಗಲೂರು ಮೇಲೆ ಹಿಂದಿನಿಂದ ಹೋಗುವ ದಾರಿಯಿದೆ. ಫೆಬ್ರುವರಿಯಲ್ಲಿ ಏರೋ ಇಂಡಿಯಾ ನಡೆಯುವ ವರ್ಷಗಳಲ್ಲಿ, 2023 ಮತ್ತು 2025ರಲ್ಲಿ ನಡೆದಂತೆ, ಯಲಹಂಕದ ಸುತ್ತ ಸಂಚಾರ ಬದಲಾಗುತ್ತದೆ, ಹಗಲಲ್ಲಿ ಕೆಲ ಹೊತ್ತು ವಿಮಾನಗಳೇ ನಿಲ್ಲುತ್ತವೆ. ಆ ವಾರ ಲೆಕ್ಕವನ್ನು ಹೊಸದಾಗಿ ಹಾಕಬೇಕು.

ಟ್ಯಾಕ್ಸಿಯನ್ನು ಹೊರಡುವ ಹೊತ್ತಿಗೆ ಆ್ಯಪ್‌ನಲ್ಲಿ ಹುಡುಕಬೇಡಿ. ಮುಂಚಿತವಾಗಿ ಹೇಳಿಟ್ಟು, 9:30ಕ್ಕೆ ಹೊರಡಬೇಕಾದರೆ 9:10ಕ್ಕೆ ಬರಲು ಹೇಳಿ. ಬಿಎಂಟಿಸಿಯ ವಾಯು ವಜ್ರ ಬಸ್ಸುಗಳಲ್ಲಿ ಪೆಟ್ಟಿಗೆ ಇಡಲು ಒಳಗೇ ಜಾಗವಿದೆ. ಒಂದೆರಡು ಪೆಟ್ಟಿಗೆಯವರಿಗೆ ಅದು ಟ್ಯಾಕ್ಸಿಗಿಂತ ಕಡಿಮೆ ಖರ್ಚಿನ, ನಂಬಬಹುದಾದ ಏರ್ಪಾಡು. ಮೈಸೂರಿನವರಿಗೆ ಕೆಎಸ್‌ಆರ್‌ಟಿಸಿ ಫ್ಲೈಬಸ್ ನೇರ ಟರ್ಮಿನಲ್ ತನಕ ಬರುತ್ತದೆ. ಅದಕ್ಕೆ ನಾಲ್ಕೂವರೆ ಗಂಟೆಯಾದರೂ ಹಿಡಿದು, ಬಾಗಿಲಿಗೆ ಬೇಕಾದ ಹೊತ್ತಿಗಿಂತ ಒಂದು ಗಂಟೆ ಮುಂಚೆ ತಲುಪುವ ಬಸ್ಸನ್ನೇ ಆರಿಸಿ. ಕರಾವಳಿಯಿಂದ ಬರುವವರು ಮಳೆಗಾಲದಲ್ಲಿ ಅದೇ ದಿನ ಹೊರಡುವ ಧೈರ್ಯ ಮಾಡಬಾರದು. ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಬದಲಿ ದಾರಿಗೂ ಅದೇ ಮಳೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಒಂದು ದಿನ ಮೊದಲೇ ಬೆಂಗಳೂರಿಗೆ ಬಂದು ಉಳಿಯಿರಿ.

ಟರ್ಮಿನಲ್ ಯಾವುದು ಎಂಬುದನ್ನು ಟಿಕೆಟ್‌ನಲ್ಲಿ ನೋಡಿಕೊಂಡೇ ಚಾಲಕರಿಗೆ ಹೇಳಿ. ಅಂತಾರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರ್ 12ರಿಂದ ಎರಡನೇ ಟರ್ಮಿನಲ್‌ನಿಂದ ಹಾರುತ್ತಿವೆ. ಹಳೆಯ ನೆನಪಿನಲ್ಲಿ ಒಂದನೆಯದರ ಮುಂದೆ ಇಳಿದರೆ ನಡುವೆ ಓಡಾಡುವ ಬಸ್ಸು ಹಿಡಿಯಬೇಕು, ಇಪ್ಪತ್ತು ನಿಮಿಷ ಕಳೆದುಹೋಗುತ್ತದೆ. ಕಳಿಸಿಕೊಡಲು ಬಂದವರಿಗೆ ಒಳಗೆ ಪ್ರವೇಶವಿಲ್ಲ. ಅಜ್ಜಿಯ ಕಾಲಿಗೆ ಬೀಳುವುದು, ಫೋಟೊ, ಕಣ್ಣೀರು ಎಲ್ಲಕ್ಕೂ ಹೊತ್ತು ಬೇಕು, ಅದನ್ನು ಲೆಕ್ಕದಿಂದ ಬಿಡಬಾರದು. ಆದರೆ ಇಳಿಸುವ ಜಾಗದಲ್ಲಿ ಗಾಡಿ ನಿಲ್ಲಿಸಿಕೊಂಡು ಅಲ್ಲ. ಪಾರ್ಕಿಂಗ್‌ನಲ್ಲಿ ಬಿಟ್ಟು, ಟರ್ಮಿನಲ್ ಎದುರಿನ ಅಂಗಳದಲ್ಲಿ ಕುಳಿತು ಮಾಡಿ. ಅದಕ್ಕೆ ಇನ್ನೊಂದು ಅರ್ಧ ಗಂಟೆ ಮುಂಚೆ ಮನೆ ಬಿಡಿ.

ಬಾಗಿಲಲ್ಲಿ ಸಿಐಎಸ್‌ಎಫ್ ಸಿಬ್ಬಂದಿ ಪಾಸ್‌ಪೋರ್ಟ್ ಮತ್ತು ಟಿಕೆಟ್ ಎರಡನ್ನೂ ನೋಡುತ್ತಾರೆ. ಟಿಕೆಟ್ ಫೋನಿನಲ್ಲಿದ್ದರೆ ಸಾಲಿನಲ್ಲಿ ನಿಂತಾಗಲೇ ತೆರೆದಿಟ್ಟುಕೊಳ್ಳಿ. ಮನೆಮಂದಿಯದೆಲ್ಲ ಒಬ್ಬರದೇ ಫೋನಿನಲ್ಲಿದ್ದರೆ ಒಂದು ಪ್ರಿಂಟ್ ತೆಗೆದಿಡುವುದು ಒಳ್ಳೆಯದು. ಮುಖ ತೋರಿಸಿ ಒಳಹೋಗುವ ಡಿಜಿಯಾತ್ರಾ ಇರುವುದು ದೇಶದೊಳಗಿನ ಪ್ರಯಾಣಕ್ಕೆ, ಇಲ್ಲಿ ಅದನ್ನು ನೆಚ್ಚಬೇಡಿ.

ಚೆಕ್‌ಇನ್ ಕೌಂಟರ್ ನಿಜಕ್ಕೂ ಹೊತ್ತು ತಿನ್ನುವ ಜಾಗ. ಸಾಲು ಉದ್ದವಿದೆಯೆಂದು ಅಲ್ಲ, ಸಾಲಿನಿಂದ ಪಕ್ಕಕ್ಕೆ ನಿಲ್ಲಿಸುತ್ತಾರೆಂದು. ಅದಕ್ಕೆ ಕಾರಣ ಮೂರು, ಮೊದಲನೆಯದು ದಾಖಲೆ. ಮನೆಯಿಂದಲೇ ವೆಬ್ ಚೆಕ್‌ಇನ್ ಮಾಡಿದ್ದರೂ ವಿದೇಶ ಪ್ರಯಾಣಕ್ಕೆ ದಾಖಲೆ ಪರೀಕ್ಷೆ ತಪ್ಪುವುದಿಲ್ಲ. ವೀಸಾ ಇಲ್ಲದವರನ್ನು ಹತ್ತಿಸಿಕೊಂಡು ಹೋದರೆ ವಾಪಸ್ ಕರೆತರುವ ಹೊಣೆ ವಿಮಾನ ಸಂಸ್ಥೆಯದೇ, ದಂಡವೂ ಬೀಳಬಹುದು. ಆದ್ದರಿಂದ ಅವರು ಒಂದೊಂದು ಕಾಗದವನ್ನೂ ನೋಡುತ್ತಾರೆ. ಪಾಸ್‌ಪೋರ್ಟ್‌ಗೆ ಆರು ತಿಂಗಳ ಅವಧಿ ಉಳಿದಿರಬೇಕು ಎಂಬುದು ಹಲವು ದೇಶಗಳ ನಿಯಮ. ಭೇಟಿ ವೀಸಾದವರಿಂದ ಹಿಂದಿರುಗುವ ಟಿಕೆಟ್, ಉಳಿಯುವ ವಿಳಾಸ ಕೇಳಬಹುದು. ಒಸಿಐ ಕಾರ್ಡ್ (ವಿದೇಶಿ ಪೌರತ್ವ ಪಡೆದ ಭಾರತೀಯ ಮೂಲದವರಿಗೆ ಕೊಡುವುದು) ಇರುವವರು ಅದನ್ನು ಪಾಸ್‌ಪೋರ್ಟ್ ಜೊತೆಗೇ ಇಟ್ಟುಕೊಳ್ಳಿ, ಪೆಟ್ಟಿಗೆಯ ತಳದಲ್ಲಿ ಅಲ್ಲ.

ಕರ್ನಾಟಕದವರಿಗೆ ಇಲ್ಲಿ ವಿಶೇಷವಾಗಿ ಕಾಡುವುದು ಹೆಸರು. ನಮ್ಮಲ್ಲಿ ಎಷ್ಟೋ ಜನಕ್ಕೆ ಮನೆತನದ ಹೆಸರೇ ಇಲ್ಲ. ಊರು, ತಂದೆಯ ಹೆಸರಿನ ಇನಿಷಿಯಲ್ ಸೇರಿಸಿಕೊಂಡು ನಡೆಯುತ್ತದೆ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ. ಟಿಕೆಟ್ ಬುಕ್ ಮಾಡುವ ಜಾಲತಾಣ ಖಾಲಿ ಬಿಡಲು ಒಪ್ಪುವುದಿಲ್ಲ. ಆಗ ಒಬ್ಬರು ಹೆಸರನ್ನೇ ಎರಡು ಸಲ ಹಾಕುತ್ತಾರೆ, ಇನ್ನೊಬ್ಬರು ಇನಿಷಿಯಲ್ ಹಾಕುತ್ತಾರೆ, ಮತ್ತೊಬ್ಬರು ಗಂಡನ ಹೆಸರು ಹಾಕುತ್ತಾರೆ. ಅಮೆರಿಕದ ವೀಸಾದಲ್ಲಿ ಇಂಥವರಿಗೆ ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್, ಮೊದಲ ಹೆಸರು ತಿಳಿದಿಲ್ಲ) ಎಂದು ಬಂದು, ಇದ್ದ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿರುತ್ತದೆ. ಕೌಂಟರಿನಲ್ಲಿ ಮೂರು ಕಾಗದ ಮೂರು ರೀತಿ ಕಂಡರೆ ಮೇಲಿನವರನ್ನು ಕೇಳಲು ಹೋಗುತ್ತಾರೆ; ಅರ್ಧ ಗಂಟೆ ಹೋದಂತೆ. ಯುಎಇ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 2022ರ ನವೆಂಬರ್ 21ರಿಂದ ಒಂದೇ ಪದದ ಹೆಸರಿನ ಪಾಸ್‌ಪೋರ್ಟ್‌ಗೆ ಭೇಟಿ ವೀಸಾದಲ್ಲಿ ಪ್ರವೇಶ ಕೊಡುವುದನ್ನು ನಿಲ್ಲಿಸಿತು. ಎರಡನೇ ಪುಟದಲ್ಲಿ ತಂದೆಯ ಅಥವಾ ಕುಟುಂಬದ ಹೆಸರಿದ್ದರೆ ಒಪ್ಪುತ್ತಾರೆಂದು ಆಮೇಲೆ ಸ್ಪಷ್ಟವಾಯಿತು. ಇದೆಲ್ಲ ನಡುರಾತ್ರಿ ಬಗೆಹರಿಯುವ ವಿಷಯವಲ್ಲ. ಟಿಕೆಟ್ ಕೊಂಡ ವಾರದಲ್ಲೇ ಸಂಸ್ಥೆಗೆ ಫೋನ್ ಮಾಡಿ, ಪಾಸ್‌ಪೋರ್ಟ್‌ನಂತೆ ಹೆಸರನ್ನು ಸರಿಪಡಿಸಿಕೊಂಡು, ತಿದ್ದಿದ ಟಿಕೆಟ್ ತೆಗೆದಿಟ್ಟುಕೊಳ್ಳಿ.

ಎರಡನೆಯದು ತೂಕ. ಅಮೆರಿಕದ ಕಡೆಗೆ ಸಾಮಾನ್ಯವಾಗಿ ಒಂದೊಂದು ಪೆಟ್ಟಿಗೆಗೆ 23 ಕಿಲೋ. ಉದ್ದ, ಅಗಲ, ಎತ್ತರ ಕೂಡಿಸಿದರೆ 158 ಸೆಂಟಿಮೀಟರ್ ದಾಟಬಾರದು. ಹಣ ಕೊಡುತ್ತೇನೆಂದರೂ ಒಂದೇ ಪೆಟ್ಟಿಗೆ 32 ಕಿಲೋ ಮೀರುವಂತಿಲ್ಲ, ಅದು ಎತ್ತುವ ಕೆಲಸಗಾರರ ಬೆನ್ನಿನ ಸಲುವಾಗಿ ಇರುವ ಮಿತಿ. ಮನೆಯಲ್ಲಿ ತೂಗುವ ಕೊಕ್ಕೆ ತಕ್ಕಡಿಗೂ ಕೌಂಟರಿನ ಯಂತ್ರಕ್ಕೂ ಅರ್ಧ ಕಿಲೋ ವ್ಯತ್ಯಾಸ ಬರುವುದುಂಟು, ಹಾಗಾಗಿ 22ಕ್ಕೇ ನಿಲ್ಲಿಸಿ. ಕೌಂಟರಿನ ಮುಂದೆ ನೆಲದ ಮೇಲೆ ಪೆಟ್ಟಿಗೆ ಬಿಚ್ಚಿ, ಸಾಂಬಾರ್ ಪುಡಿಯ ಪೊಟ್ಟಣವನ್ನು ಒಂದರಿಂದ ಇನ್ನೊಂದಕ್ಕೆ ಹಾಕುತ್ತ ಕೂತರೆ ಕಾಲು ಗಂಟೆ, ಮೇಲೆ ಮತ್ತೆ ಸಾಲು.

ಮೂರನೆಯದು ಪೆಟ್ಟಿಗೆಯೊಳಗಿನ ಸಾಮಾನು. ಬೆಲ್ಟಿನ ಮೇಲೆ ಹೋದ ಪೆಟ್ಟಿಗೆ ಒಳಗೆ ಎಕ್ಸ್-ರೇ ದಾಟಬೇಕು, ಅನುಮಾನ ಬಂದರೆ ನಿಮ್ಮನ್ನು ಕರೆಸುತ್ತಾರೆ. ಅದಕ್ಕೇ ಬೋರ್ಡಿಂಗ್ ಪಾಸ್ ಸಿಕ್ಕ ಕೂಡಲೇ ಫೋನ್ ಸೈಲೆಂಟ್ ಮಾಡಬೇಡಿ. ಹೆಚ್ಚಾಗಿ ಸಿಕ್ಕಿಬೀಳುವುದು ಪವರ್ ಬ್ಯಾಂಕ್. ಅದು ಕೈಚೀಲದಲ್ಲೇ ಇರಬೇಕು, ಲಿಥಿಯಂ ಬ್ಯಾಟರಿಗೆ ಕೆಳಗಿನ ಸರಕು ಕೋಣೆಯಲ್ಲಿ ಬೆಂಕಿ ಹತ್ತಿದರೆ ಕೈಗೆಟುಕುವುದಿಲ್ಲವಲ್ಲ. ಮಿತಿ 100 ವ್ಯಾಟ್-ಅವರ್. 20,000 ಎಂಎಎಚ್‌ನದು ಸುಮಾರು 74, ತೊಂದರೆಯಿಲ್ಲ. ಇನ್ನೊಂದು ನಮ್ಮವರಿಗೆ ಆಶ್ಚರ್ಯ ತರುವಂಥದ್ದು, ಒಣ ಕೊಬ್ಬರಿ. 2022ರಿಂದ ಅದು ಚೆಕ್‌ಇನ್ ಪೆಟ್ಟಿಗೆಗೆ ನಿಷಿದ್ಧ. ಎಣ್ಣೆಯಂಶ ಹೆಚ್ಚಿರುವ ಕೊಬ್ಬರಿ ಕಾವು ಹಿಡಿದು ತಾನಾಗಿ ಹೊತ್ತಿಕೊಳ್ಳಬಲ್ಲ ಪದಾರ್ಥಗಳ ಪಟ್ಟಿಯಲ್ಲಿದೆ. ಚಟ್ನಿಪುಡಿಗೆ ತುರಿದು ಹುರಿದು ಕುಟ್ಟಿದ್ದು ಬೇರೆ, ಗಿಟಕು ಬೇರೆ; ಗಿಟಕು ಮನೆಯಲ್ಲೇ ಇರಲಿ. ಗಸಗಸೆಯಂತೂ ಯುಎಇ, ಕತಾರ್, ಸೌದಿ ಕಡೆ ಮಾದಕ ವಸ್ತುವಿನ ಕಾನೂನಿಗೆ ಬರುತ್ತದೆ. ಪಾಯಸಕ್ಕೆಂದು ಮಗಳಿಗೆ ಕಳಿಸುವ ನೂರು ಗ್ರಾಂ ಗಸಗಸೆಯಿಂದ ವಿಮಾನ ತಪ್ಪುವುದಲ್ಲ, ಜೈಲೇ ಆಗಬಹುದು. ಆ ಹಾದಿಯಲ್ಲಿ ಹೋಗುವವರು ಮಸಾಲೆ ಪುಡಿಗಳಲ್ಲೂ ಅದು ಸೇರಿಲ್ಲವೆಂದು ಖಚಿತಪಡಿಸಿಕೊಳ್ಳಿ.

ಪೆಟ್ಟಿಗೆ ಹೋದ ಮೇಲೆ ಇಮಿಗ್ರೇಷನ್. ಭಾರತೀಯರಿಗೆ ನಿರ್ಗಮನ ಚೀಟಿ ತುಂಬುವ ಕೆಲಸ 2017ರ ಜುಲೈನಿಂದ ಇಲ್ಲ. ಎಲ್ಲಿಗೆ, ಯಾಕೆ, ಎಷ್ಟು ದಿನ ಎಂಬ ಪ್ರಶ್ನೆಗೆ ನೇರ ಉತ್ತರ ಸಾಕು. ಇಸಿಆರ್ (ವಲಸೆ ತಪಾಸಣೆ ಬೇಕು) ಎಂಬ ನಮೂದಿರುವ ಪಾಸ್‌ಪೋರ್ಟ್ ಹಿಡಿದು ಕೊಲ್ಲಿ ದೇಶಗಳೂ ಸೇರಿದ 18 ದೇಶಗಳಿಗೆ ಕೆಲಸಕ್ಕೆ ಹೋಗುವವರು ಮಾತ್ರ ವಲಸೆ ಅನುಮತಿ ಪಡೆದೇ ಬರಬೇಕು. ಇಲ್ಲಿ ಬಂದ ಮೇಲೆ ಅದು ಸಿಗುವುದಿಲ್ಲ. ಆಗಾಗ ಹೋಗಿ ಬರುವ ಭಾರತೀಯರಿಗೆ, ಒಸಿಐ ಕಾರ್ಡಿನವರಿಗೆ ಒಂದು ಒಳ್ಳೆಯ ಏರ್ಪಾಡು 2025ರ ಜನವರಿಯಲ್ಲಿ ಬೆಂಗಳೂರಿಗೆ ಬಂದಿದೆ, ಫಾಸ್ಟ್ ಟ್ರ್ಯಾಕ್ ಇಮಿಗ್ರೇಷನ್. ಗೃಹ ಸಚಿವಾಲಯದ ಜಾಲತಾಣದಲ್ಲಿ ಅರ್ಜಿ ಹಾಕಿ, ಬೆರಳಚ್ಚು, ಮುಖದ ಚಿತ್ರ ಕೊಟ್ಟು ಒಮ್ಮೆ ನೋಂದಾಯಿಸಿಕೊಂಡರೆ ಐದು ವರ್ಷ, ಅಥವಾ ಪಾಸ್‌ಪೋರ್ಟ್ ಅವಧಿ ಮುಗಿಯುವ ತನಕ, ಯಾವುದು ಮೊದಲೋ ಅಲ್ಲಿಯವರೆಗೆ, ಸ್ವಯಂಚಾಲಿತ ಗೇಟಿನಲ್ಲಿ ಹೋಗಬಹುದು. ಒಪ್ಪಿಗೆಗೆ ದಿನ ಹಿಡಿಯುತ್ತದೆ, ಪ್ರಯಾಣದ ವಾರದಲ್ಲಿ ಹಾಕಿದರೆ ಆ ಪ್ರಯಾಣಕ್ಕೆ ಒದಗುವುದಿಲ್ಲ.

ಸೆಕ್ಯೂರಿಟಿಯಲ್ಲಿ ಹೊತ್ತು ಹೋಗುವುದು ಟ್ರೇ ಪಕ್ಕಕ್ಕೆ ಸರಿದಾಗ. ಲ್ಯಾಪ್‌ಟಾಪ್, ಫೋನ್, ಚಾರ್ಜರ್, ಪವರ್ ಬ್ಯಾಂಕ್ ಎಲ್ಲ ಹೊರಗೆ. ದ್ರವ ಎಂದರೆ 100 ಮಿಲಿಲೀಟರ್ ಮೀರದ ಡಬ್ಬಿಗಳು, ಒಂದು ಲೀಟರ್‌ನ ಪಾರದರ್ಶಕ ಚೀಲದೊಳಗೆ. ತುಪ್ಪ, ಜೇನು, ಜೋನಿ ಬೆಲ್ಲ, ಉಪ್ಪಿನಕಾಯಿ, ತೊಕ್ಕು ಇವೆಲ್ಲ ದ್ರವದ ಲೆಕ್ಕವೇ. "ಮಿಡಿ ಉಪ್ಪಿನಕಾಯಿ ಗಟ್ಟಿ ಇದೆ" ಎಂಬ ವಾದ ನಡೆಯುವುದಿಲ್ಲ. ಚೆಕ್‌ಇನ್ ಪೆಟ್ಟಿಗೆಯಲ್ಲಿ, ಎರಡು ಪ್ಲಾಸ್ಟಿಕ್ ಚೀಲ ಬಿಗಿದು ಕಳಿಸಿ. ಪುಡಿಗಳೂ ಅಲ್ಲೇ ಇರಲಿ. ಚಕ್ಕುಲಿ, ಕೋಡುಬಳೆ, ಮೈಸೂರು ಪಾಕ್ ಕೈಚೀಲದಲ್ಲಿ ಹೋಗುತ್ತವೆ.

ಮಕ್ಕಳನ್ನು ನೋಡಲು ಹೊರಟ ಹಿರಿಯರಿಗೆ ಗಾಲಿಕುರ್ಚಿ ಬೇಕಿದ್ದರೆ ಕನಿಷ್ಠ 48 ಗಂಟೆ ಮುಂಚೆ ಸಂಸ್ಥೆಗೆ ತಿಳಿಸಿ, ಟಿಕೆಟ್‌ನಲ್ಲಿ ನಮೂದಾಗಿದೆಯೇ ನೋಡಿ. ತಳ್ಳುವವರು ಬಂದರೆ ಇಮಿಗ್ರೇಷನ್, ಸೆಕ್ಯೂರಿಟಿ ಎರಡೂ ಬೇಗ ಆಗುತ್ತವೆ. ಆದರೆ ರಾತ್ರಿ ಒಂದರ ಹೊತ್ತಿಗೆ ಕುರ್ಚಿ ಕೇಳಿದವರು ಬಹಳ, ತಳ್ಳುವವರು ಕಡಿಮೆ, ಕಾಯಬೇಕು. ಬಾಗಿಲಿಗೆ ಅರ್ಧ ಗಂಟೆ ಮುಂಚೆ ಬನ್ನಿ. ಇನ್ನೂ ಮುಖ್ಯವಾದದ್ದು ನಡುವಿನ ನಿಲ್ದಾಣ: ಗಾಲಿಕುರ್ಚಿಯವರನ್ನು ವಿಮಾನದಿಂದ ಇಳಿಸುವುದು ಎಲ್ಲರೂ ಇಳಿದ ಮೇಲೆ. ಜಾಲತಾಣ ಒಂದೂಕಾಲು ಗಂಟೆಯ ಸಂಪರ್ಕ ತೋರಿಸಿದರೂ ಅಪ್ಪ ಅಮ್ಮನಿಗೆ ಅದನ್ನು ಕೊಳ್ಳಬೇಡಿ, ಮೂರು ಗಂಟೆ ಇರುವಂಥದ್ದನ್ನು ಕೊಳ್ಳಿ.

ವಿಮಾನ ಬದಲಿಸುವ ಲೆಕ್ಕ ದೇಶದಿಂದ ದೇಶಕ್ಕೆ ಬೇರೆ. ದುಬೈ, ದೋಹಾದಲ್ಲಿ ಒಂದೇ ಟಿಕೆಟ್‌ನವರಿಗೆ ಮತ್ತೆ ಸೆಕ್ಯೂರಿಟಿ ದಾಟಿ, ದೂರ ನಡೆಯುವುದಷ್ಟೇ. ಅಬುಧಾಬಿಯಿಂದ ಅಮೆರಿಕಕ್ಕೆ ಹೋಗುವವರ ಅಮೆರಿಕದ ಇಮಿಗ್ರೇಷನ್ ಅಲ್ಲಿಯೇ ಮುಗಿಯುತ್ತದೆ, 2014ರಿಂದ ಹೀಗಿದೆ. ಅಲ್ಲಿ ಎರಡೂವರೆ ಗಂಟೆಗಿಂತ ಕಡಿಮೆ ಇಟ್ಟುಕೊಳ್ಳಬೇಡಿ. ಪ್ರತಿಫಲವಾಗಿ ಅಮೆರಿಕದಲ್ಲಿ ದೇಶದೊಳಗಿನ ಪ್ರಯಾಣಿಕರಂತೆ ಇಳಿಯುತ್ತೀರಿ. ಬೇರೆ ದಾರಿಯಲ್ಲಿ ಹೋದವರು ಷಿಕಾಗೊ, ನ್ಯೂಯಾರ್ಕ್, ಹೀಗೆ ಅಮೆರಿಕದ ಮೊದಲ ನಿಲ್ದಾಣದಲ್ಲಿ ಇಮಿಗ್ರೇಷನ್ ಮುಗಿಸಿ, ಸಾಮಾನ್ಯವಾಗಿ ಪೆಟ್ಟಿಗೆಯನ್ನೂ ತೆಗೆದುಕೊಂಡು, ಕಸ್ಟಮ್ಸ್ ದಾಟಿಸಿ, ಮತ್ತೆ ಒಪ್ಪಿಸಿ, ಮತ್ತೆ ಸೆಕ್ಯೂರಿಟಿಗೆ ನಿಲ್ಲಬೇಕು. ಮೂರು ಗಂಟೆ ಬೇಕೇ ಬೇಕು. ಫ್ರಾಂಕ್‌ಫರ್ಟ್, ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಇಳಿದು ಇನ್ನೊಂದು ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ಊರಿಗೆ ಹೋಗುವವರ ಪಾಸ್‌ಪೋರ್ಟ್ ಪರೀಕ್ಷೆ ಆ ಮೊದಲ ಊರಿನಲ್ಲೇ. 2025ರ ಅಕ್ಟೋಬರ್ 12ರಿಂದ ಬೆರಳಚ್ಚು, ಫೋಟೊ ತೆಗೆಯುವ ಹೊಸ ವ್ಯವಸ್ಥೆ ಅಲ್ಲಿ ಶುರುವಾಗಿದೆ. ಹಳೆಯ ಒಂದು ಗಂಟೆಯ ಅಂದಾಜನ್ನು ಎರಡೂವರೆಗೆ ಏರಿಸಿಕೊಳ್ಳಿ.

ವಾಪಸ್ ಬರುವಾಗಲೂ ಇದೇ. ಬೆಂಗಳೂರಿನಲ್ಲಿ ಇಳಿದು ಹುಬ್ಬಳ್ಳಿಗೋ ಮಂಗಳೂರಿಗೋ ಹಾರುವವರು ಇಲ್ಲಿ ಇಮಿಗ್ರೇಷನ್, ಪೆಟ್ಟಿಗೆ, ಕಸ್ಟಮ್ಸ್ ಮುಗಿಸಿ, ಮುಂದಿನ ವಿಮಾನ ಒಂದನೇ ಟರ್ಮಿನಲ್‌ನದಾದರೆ ಬಸ್ಸಿನಲ್ಲಿ ಅಲ್ಲಿಗೆ ಹೋಗಬೇಕು. ಒಂದೇ ಟಿಕೆಟ್ ಆದರೆ ಮೂರು ಗಂಟೆ, ಬೇರೆ ಬೇರೆ ಟಿಕೆಟ್ ಆದರೆ ನಾಲ್ಕು. ಡಿಸೆಂಬರ್, ಜನವರಿಯ ಬೆಳಗಿನಲ್ಲಿ ದೇವನಹಳ್ಳಿಗೆ ಮಂಜು ಮುಸುಕುತ್ತದೆ, ಇಳಿಯುವ ವಿಮಾನವೇ ತಡವಾಗಬಹುದು. ಆ ತಿಂಗಳುಗಳಲ್ಲಿ ಮಧ್ಯಾಹ್ನದ ವಿಮಾನ ಹಿಡಿಯಿರಿ.

ಇಷ್ಟಾದರೂ ತಪ್ಪಿಹೋಗುವಂತೆ ಕಂಡರೆ ಹೆಬ್ಬಾಳದಲ್ಲಿ ಸಿಕ್ಕಿಕೊಂಡಿರುವಾಗಲೇ ಸಂಸ್ಥೆಗೆ ಫೋನ್ ಮಾಡಿ. ವಿಮಾನ ಹೊರಡುವ ಮುಂಚೆ ತಿಳಿಸಿದರೆ ಬದಲಿಸಿಕೊಳ್ಳುವ ಅವಕಾಶ ಹೆಚ್ಚು, ಖರ್ಚು ಕಡಿಮೆ. ಹೇಳದೆ ಬಾರದಿದ್ದರೆ ಸಾಮಾನ್ಯವಾಗಿ ಅದೇ ಟಿಕೆಟ್‌ನ ಮುಂದಿನ ಹಾರಾಟಗಳೂ, ಹಿಂದಿರುಗುವುದೂ ಸೇರಿ, ರದ್ದಾಗುತ್ತವೆ. ಇಮಿಗ್ರೇಷನ್ ದಾಟಿದ ಮೇಲೆ ಗೇಟಿನಲ್ಲಿ ತಪ್ಪಿದರೆ ಸುಮ್ಮನೆ ಹೊರಗೆ ನಡೆದು ಬರಲಾಗದು. ಸಂಸ್ಥೆಯ ಸಿಬ್ಬಂದಿ ಜೊತೆಗೆ ಬಂದು, ನಿರ್ಗಮನದ ಮುದ್ರೆ ರದ್ದು ಮಾಡಿಸಿ, ವಿಮಾನದಿಂದ ಇಳಿಸಿದ ಪೆಟ್ಟಿಗೆ ಕೊಡಿಸಬೇಕು. ಗೇಟಿನ ಬಳಿಯೇ ಇದ್ದು ಅವರನ್ನು ಕೇಳಿ, ಪಾಸ್‌ಪೋರ್ಟ್ ಮತ್ತು ಪೆಟ್ಟಿಗೆಯ ಚೀಟಿ ಕೈಯಲ್ಲಿರಲಿ, ಹೊರಗೆ ಬಂದ ಮೇಲೆ ಮೊದಲು ಟಿಕೆಟ್ ಕೌಂಟರಿಗೆ ಹೋಗಿ.